ತೋರುಬೆರಳಿನ ತೂಕ

ನಮ್ಮ ಹೊನ್ನವಳ್ಳಿಯ ಸುತ್ತಿನಲ್ಲಿ ಪಿಸ್ತೂಲಿನ ಮಾತೆತ್ತಿದರೆ ಜನ ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತು ಕೇಳುತ್ತಾರೆ. ಕೊಡಗಿನವರ ರೀತಿ ಬೇರೆ. ಅಲ್ಲಿ ಕೋವಿಯು ಮನೆಯಲ್ಲಿ ಪೂಜೆಗೊಳ್ಳುವ ವಸ್ತು. ಕೈಲ್ ಪೊಳ್ದ್ ಹಬ್ಬದಂದು ಅದಕ್ಕೆ ಹೂವಿಟ್ಟು ನಮಿಸಿ, ತರುವಾಯ ಮರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯವನ್ನು ನಡೆಸುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಮಗಾದರೋ ತೆಂಗಿನಕಾಯಿಗೆ ಗುಂಡು ಹೊಡೆಯುವುದೆಂದರೆ ಉಣ್ಣುವ ತಟ್ಟೆಗೆ ಕಲ್ಲೆಸೆದಂತೆ. ಕಾಯಿ ಕೆಡವುವುದು, ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಕಾಯುವುದು, ಕರಟದೊಳಗೆ ಕೊಬ್ಬರಿ ಬಿಟ್ಟುಕೊಂಡು ಗಡಗಡ ಸದ್ದು ಮಾಡಿದಾಗ ಸುಲಿದು ಒಡೆದು ಮಾರುವುದು: ಇಷ್ಟೇ ನಾವು ಅರಿತ ವಿದ್ಯೆ.

ಹೀಗಿರುವಲ್ಲಿ ನನ್ನ ಸೋದರಸೊಸೆ, ಎಂದರೆ ಅಕ್ಕನ ಹಿರಿಯ ಮಗಳು, ಏರ್ ಪಿಸ್ತೂಲು ಹಿಡಿದಳೆಂದರೆ ಮನೆಯಲ್ಲಿ ಎಷ್ಟು ಮಾತು ಹುಟ್ಟಿರಬೇಡ! ಕಾಲೇಜಿನ ಎನ್.ಸಿ.ಸಿ. ಶಿಬಿರದಲ್ಲಿ ಒಮ್ಮೆ ರೈಫಲ್ ಹಿಡಿದು ಬಂದವಳಿಗೆ ಆ ರುಚಿ ಹತ್ತಿತು. ಅಲ್ಲಿಂದ ಮುಂದೆ ಶನಿವಾರ ಬಂತೆಂದರೆ ತಿಪಟೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವುದು, ಅಭ್ಯಾಸ ಮುಗಿಸಿ ಸಂಜೆ ಮರಳುವುದು. ‘ಮದುವೆಗೆ ಬಂದ ಹುಡುಗಿಗೆ ಇದೇಕಪ್ಪಾ?’ ಎಂದು ಅವಳ ಅಜ್ಜಿ ನನ್ನನ್ನು ಕೇಳಿದರು. ಕನ್ನಡ ಮೇಷ್ಟ್ರಾದ ನನಗೆ ಎಲ್ಲ ಪ್ರಶ್ನೆಗೂ ಉತ್ತರ ಗೊತ್ತಿರಬೇಕೆಂದು ನಮ್ಮ ಮನೆಯವರ ನಂಬಿಕೆ. ನಾನು ಶಕುಂತಲೆಯನ್ನೂ ಸುಭದ್ರೆಯನ್ನೂ ಬಿಟ್ಟು ಚಿತ್ರಾಂಗದೆಯ ಕಥೆ ಹೇಳಿ ಅಜ್ಜಿಯನ್ನು ಸಮಾಧಾನಪಡಿಸಿದೆ.

ಈ ಆಟವನ್ನು ನೋಡದ ವಾಚಕರಿಗಾಗಿ ಎರಡು ಮಾತು ಹೇಳುವುದು ಯುಕ್ತ. ಹತ್ತು ಮೀಟರು ದೂರದಲ್ಲಿ ಗುರಿ. ಅದರ ನಡುವಣ ಹತ್ತು ಅಂಕದ ವೃತ್ತದ ಅಡ್ಡಳತೆ ಕೇವಲ 11.5 ಮಿಲಿಮೀಟರು, ಅಂಗಿಯ ಗುಂಡಿಯಷ್ಟು ಎನ್ನಿ. ನಿಂತುಕೊಂಡು, ಒಂದೇ ಕೈಯನ್ನು ಚಾಚಿ, ಯಾವ ಆಸರೆಯೂ ಇಲ್ಲದೆ ಹೊಡೆಯಬೇಕು. 4.5 ಮಿಲಿಮೀಟರಿನ ಸೀಸದ ಚಿಕ್ಕ ಗುಂಡು. ಅದನ್ನು ದೂಡುವುದು ಮದ್ದಲ್ಲ, ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ. ಅರವತ್ತು ಹೊಡೆತ, ಎಪ್ಪತ್ತೈದು ನಿಮಿಷ. ಮೊದಲು ಹೆಂಗಸರಿಗೆ ನಲವತ್ತೇ ಹೊಡೆತಗಳಿದ್ದುವು. 2018ರಿಂದ ಅವರಿಗೂ ಗಂಡಸರಷ್ಟೇ ಅರವತ್ತಾದುವು. ಪಿಸ್ತೂಲು 1500 ಗ್ರಾಮಿಗೆ ಮೀರಬಾರದು. ಇನ್ನೊಂದು ನಿಯಮವುಂಟು, ಈ ಲೇಖನ ಹುಟ್ಟಿದ್ದೇ ಅದರಿಂದ: ಟ್ರಿಗರನ್ನು ಎಳೆಯಲು ಬೇಕಾಗುವ ಬಲ 500 ಗ್ರಾಮಿಗಿಂತ ಕಡಿಮೆಯಿರಕೂಡದು.

ಎಲ್ಲ ಪಿಸ್ತೂಲಿಗೂ ಈ ಕಟ್ಟಳೆ ಇಲ್ಲ. ಐವತ್ತು ಮೀಟರಿನ ‘ಫ್ರೀ ಪಿಸ್ತೂಲಿ’ಗೆ ಟ್ರಿಗರಿನ ತೂಕಕ್ಕೆ ಮಿತಿಯೇ ಇಲ್ಲ, ಬೆರಳು ಸೋಕಿದರೆ ಸಾಕು ಎನ್ನುವಷ್ಟು ನವಿರಾಗಿ ಅದನ್ನು ಇಟ್ಟುಕೊಳ್ಳುವವರುಂಟು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿ ಗೆದ್ದದ್ದು ಈ ಪಿಸ್ತೂಲಿನಲ್ಲಿಯೇ. 2016ರ ರಿಯೊ ಒಲಿಂಪಿಕ್ಸಿನಲ್ಲೂ ಅವರು ಅದೇ ಸ್ಪರ್ಧೆಗೆ ನಿಂತರು. ಆ ಬಳಿಕ ಒಲಿಂಪಿಕ್ಸಿನಿಂದ ಆ ಸ್ಪರ್ಧೆಯೇ ಹೊರಟುಹೋಯಿತು. ನನ್ನ ಸೋದರಸೊಸೆ ಹಿಡಿದದ್ದು ಹತ್ತು ಮೀಟರಿನದು. ಅಲ್ಲಿ ಅರ್ಧ ಕಿಲೋ ಎಂದರೆ ಅರ್ಧ ಕಿಲೋ.

ಅವಳ ಪಿಸ್ತೂಲು ಹೊಸದಲ್ಲ. ಯೂರೋಪಿನಲ್ಲಿ ತಯಾರಾದ ಇಂಥ ಪಿಸ್ತೂಲು ಹೊಸದಾದರೆ ಲಕ್ಷ ರೂಪಾಯಿಗೂ ಮೀರುತ್ತದೆ. ಬೆಂಗಳೂರಿನ ಹಿರಿಯ ಆಟಗಾರರೊಬ್ಬರು ಬಳಸಿ ಬಿಟ್ಟದ್ದನ್ನು ಭಾವ ಕೊಡಿಸಿದ್ದರು. ಆ ಮಹನೀಯರದು ಭೀಮನ ಹಸ್ತವಿರಬೇಕು. ಮರದ ಹಿಡಿಯನ್ನು ಅರದಿಂದ ಉಜ್ಜಿ, ಬೇಕಾದೆಡೆ ಮೆತ್ತಿ, ಹುಡುಗಿಯ ಅಂಗೈಗೆ ಹೊಂದಿಸಿದ್ದಾಯಿತು. ಆದರೆ ಟ್ರಿಗರು ದೂರ. ತೋರುಬೆರಳಿನ ಮೊದಲ ಗೆಣ್ಣಿನ ನಡುಮೆತ್ತೆ ಕೂರಬೇಕಾದ ಜಾಗಕ್ಕೆ ಇವಳ ಬೆರಳಿನ ತುದಿ ಮಾತ್ರ ಮುಟ್ಟುತ್ತಿತ್ತು. ತುದಿಯಿಂದ ಎಳೆದರೆ ಬಲ ನೇರ ಹಿಂದಕ್ಕೆ ಬಾರದೆ ಪಕ್ಕಕ್ಕೆ ದೂಡುತ್ತದೆ. ಬಲಗೈಯವರ ಗುಂಡು ಎಡಕ್ಕೆ ಸರಿಯುತ್ತದೆ. ಇವಳ ಗುಂಡುಗಳೂ ಮಂದೆಯಂತೆ ಒಟ್ಟಾಗಿ ಎಡಕ್ಕೇ ಹೋಗುತ್ತಿದ್ದುವು. ಗುರಿನೋಟದ ತಿರುಪನ್ನು ಬಲಕ್ಕೆ ತಿರುಗಿಸಿದರೆ ಒಂದು ದಿನ ಸರಿ. ಮರುದಿನ ದಣಿದ ಬೆರಳು ಇನ್ನೊಂದು ರೀತಿ ಎಳೆದು ಲೆಕ್ಕವೆಲ್ಲ ತಪ್ಪುತ್ತಿತ್ತು. ಏಕಲವ್ಯನ ಬಿಲ್ವಿದ್ಯೆ ಹೆಬ್ಬೆರಳಿನಲ್ಲಿತ್ತಂತೆ. ಪಿಸ್ತೂಲಿನಲ್ಲಿ ಹೆಬ್ಬೆರಳು ಸುಮ್ಮನೆ ಒರಗಿಕೊಳ್ಳುವ ಜಮೀನ್ದಾರ, ದುಡಿಮೆಯೆಲ್ಲ ತೋರುಬೆರಳಿನದು.

ಎರಡು ಸ್ಪರ್ಧೆಗಳಲ್ಲಿ ಹಿಂದೆ ಬಿದ್ದ ಮೇಲೆ ಅವಳ ಮಾತು ಕಡಿಮೆಯಾಯಿತು. ಭಾವನೂ ಒಂದು ರಾತ್ರಿ ಊಟವಾದ ಮೇಲೆ, ‘ಈ ವರ್ಷ ನೋಡೋಣ ಮೇಷ್ಟ್ರೇ, ಆಮೇಲೆ ಸಾಕು’ ಎಂದರು. ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ಒಂದು ಗಳಿಗೆ ನಿಂತದ್ದು ನನಗೆ ಕೇಳಿಸಿತು.

ಮರುದಿನ ಅವಳು ಆ ಪಿಸ್ತೂಲಿನ ಕೈಪಿಡಿಯನ್ನು ತಂದು ನನ್ನ ಮುಂದಿಟ್ಟಳು. ‘ಮಾವ, ಇದನ್ನು ಓದಿ ಅರ್ಥ ಹೇಳಿ.’ ಮೊದಲು ಜರ್ಮನಿನಲ್ಲಿ ಬರೆದು ಇಂಗ್ಲಿಷಿಗೆ ತಂದ ಆ ಪುಸ್ತಕ ಕೇಶಿರಾಜನ ಸೂತ್ರಗಳಿಗಿಂತ ಬಿಗಿಯಾಗಿತ್ತು. ಶಬ್ದಮಣಿದರ್ಪಣಕ್ಕಾದರೆ ವೃತ್ತಿಯುಂಟು, ಉದಾಹರಣೆಯುಂಟು. ಇದಕ್ಕೆ ಇದ್ದುದು ಬಾಣದ ಗುರುತಿನ ನಾಲ್ಕು ಚಿತ್ರಗಳು ಮಾತ್ರ. ಆದರೂ ಕುಳಿತು ಬಿಡಿಸಿದೆವು.

ಟ್ರಿಗರು ಒಂದು ಸನ್ನೆಗೋಲು. ಮೇಲೊಂದು ಅಚ್ಚು, ಅದರ ಸುತ್ತ ಅದು ತಿರುಗುತ್ತದೆ. ಬೆರಳು ಎಳೆದಾಗ ಒಳಗಿನ ಒಂದು ಕೊಕ್ಕೆ ಜಾರುತ್ತದೆ. ಕೊಕ್ಕೆ ಹಿಡಿದಿಟ್ಟಿದ್ದ ಚಿಕ್ಕ ಸುತ್ತಿಗೆ ಗಾಳಿಯ ಬಾಗಿಲಿಗೆ ಬಡಿಯುತ್ತದೆ. ಬಾಗಿಲು ತೆರೆದು ಗಾಳಿ ಗುಂಡನ್ನು ನೂಕುತ್ತದೆ. ಎಳೆತಕ್ಕೆ ಎರಡು ಘಟ್ಟ. ಮೊದಲನೆಯದರಲ್ಲಿ ಟ್ರಿಗರು ಸರಾಗವಾಗಿ ಹಿಂದಕ್ಕೆ ಬಂದು ಒಂದೆಡೆ ತಡೆದು ನಿಲ್ಲುತ್ತದೆ. ಅಲ್ಲಿ ಬೆರಳು ಒಂದು ಕ್ಷಣ ತಂಗಿ, ಗುರಿ ನೆಲೆಗೊಂಡ ಮೇಲೆ, ಉಳಿದ ಬಲವನ್ನು ಮೆಲ್ಲನೆ ಕೂಡಿಸಬೇಕು. ಛಂದಸ್ಸು ಕಲಿಸುವ ನನಗೆ ಅದು ಕೂಡಲೇ ಹೊಳೆಯಿತು: ಆ ತಂಗುದಾಣವೇ ಯತಿ! ನಮ್ಮ ಕನ್ನಡ ಕವಿಗಳು ಯತಿಯನ್ನು ಅಷ್ಟಾಗಿ ಲೆಕ್ಕಿಸಿದವರಲ್ಲ. ಅದರಿಂದ ಕಾವ್ಯಕ್ಕೆ ಕುಂದೇನೂ ಬರಲಿಲ್ಲ. ಪಿಸ್ತೂಲು ಹಿಡಿದವರು ಹಾಗೆ ಮಾಡಿದರೆ ಗುಂಡು ವೃತ್ತದ ಹೊರಗೆ. ಮೊದಲ ಘಟ್ಟದ ತೂಕ, ಅದರ ದೂರ, ಕೊಕ್ಕೆಯ ಹಿಡಿತ, ಗುಂಡು ಹಾರಿದ ಮೇಲೆ ಟ್ರಿಗರು ಎಲ್ಲಿ ನಿಲ್ಲಬೇಕೆಂಬುದು, ಇವಕ್ಕೆಲ್ಲ ಒಂದೊಂದು ತಿರುಪು. ಬೆರಳು ಕೂರುವ ತುಂಡನ್ನೂ ಒಂದಿಷ್ಟು ಹಿಂದೆ ಮುಂದೆ ಜರುಗಿಸಬಹುದು. ಆದರೆ ಇವಳ ಪಿಸ್ತೂಲಿನಲ್ಲಿ ಅದನ್ನು ಆಗಲೇ ಕೊನೆಯವರೆಗೆ ಹಿಂದಕ್ಕೆ ತಂದಾಗಿತ್ತು.

ಹಾಗಾದರೆ ಮಾಡುವುದೇನು? ಸಲಹೆಗಳಿಗೆ ಬರಗಾಲವೇ? ಒಬ್ಬರೆಂದರು: ಈ ಪಿಸ್ತೂಲನ್ನು ಮಾರಿ ವಿದ್ಯುತ್ ಟ್ರಿಗರಿನದನ್ನು ಕೊಳ್ಳಿರಿ, ಅದರಲ್ಲಿ ಎಳೆತ ಎಂದೂ ಬದಲಾಗದು. ಮಾತು ನಿಜ, ಹಣವೂ ನಿಜ. ಆ ಮಾತು ಅಲ್ಲಿಗೇ ನಿಂತಿತು. ಇನ್ನೊಬ್ಬ ಗೆಳೆಯ ಗುಟ್ಟಾಗಿ ಹೇಳಿದ: ಒಳಗಿನ ಸ್ಪ್ರಿಂಗನ್ನು ತೆಗೆದು ಮೆದುವಾದದ್ದನ್ನು ಹಾಕಿಸು, ಬೆರಳು ತುದಿಯಿಂದ ಎಳೆದರೂ ಗುಂಡು ಹಾರುತ್ತದೆ. ಹಾರುತ್ತದೆ ನಿಜ, ತೂಕದ ಪರೀಕ್ಷೆಯಲ್ಲಿ ಹುಡುಗಿಯೂ ಹಾರಿಹೋಗುತ್ತಾಳೆ. ಮತ್ತೊಬ್ಬರು ಕೊಕ್ಕೆಯನ್ನೇ ಉಜ್ಜಿ ನಯಗೊಳಿಸಬಹುದೆಂದರು. ಇದಂತೂ ಅಪಾಯದ ಮಾತು. ಕೊಕ್ಕೆಯ ಹಿಡಿತ ಅತಿ ತೆಳುವಾದರೆ ಪಿಸ್ತೂಲು ಬೆರಳಿನ ಅಪ್ಪಣೆಯಿಲ್ಲದೆಯೇ ಸಿಡಿಯಬಹುದು. ಕೊನೆಗೆ ಅವಳ ತರಬೇತುದಾರರು ಹೇಳಿದ್ದು ಸರಳವಾಗಿತ್ತು: ಒಳಗಿನದೇನನ್ನೂ ಮುಟ್ಟಬೇಡಿ, ಬೆರಳು ಕೂರುವ ತುಂಡನ್ನು ಮಾತ್ರ ಬದಲಿಸಿ. ಬೇರೆ ತಯಾರಕರು ಮಾಡುವ ಇಂಥ ತುಂಡುಗಳುಂಟು. ಹಿಂದಕ್ಕೂ ಮುಂದಕ್ಕೂ ಹೆಚ್ಚು ಸರಿಯುತ್ತವೆ, ಎಡಬಲಕ್ಕೆ ವಾಲುತ್ತವೆ, ತಮ್ಮ ಸುತ್ತಲೂ ತಿರುಗುತ್ತವೆ. ಚಪ್ಪಟೆ, ಬಾಗಿದ್ದು, ಗೋಲಿಯಂತೆ ದುಂಡಗಿನದು ಎಂದು ಆಕಾರಗಳೂ ಹಲವು.

ನಮ್ಮ ಹುಡುಗಿ ಚಪ್ಪಟೆಯದನ್ನು ಆರಿಸಿದಳು. ‘ದುಂಡಗಿನದು ಚೆನ್ನಾಗಿ ಕಾಣುತ್ತದಲ್ಲಾ?’ ಎಂದೆ. ‘ದುಂಡಗಿನದರಲ್ಲಿ ಬೆರಳು ದಿನಕ್ಕೊಂದು ಕಡೆ ಕೂರುತ್ತದೆ ಮಾವ. ಚಪ್ಪಟೆಯಾದರೆ ವಾರೆಯಾಗಿ ಎಳೆದ ಕೂಡಲೇ ಬೆರಳಿಗೆ ಗೊತ್ತಾಗುತ್ತದೆ’ ಎಂದಳು. ಹಗುರವಾದ ಟ್ರಿಗರು ಒಳ್ಳೆಯದೆಂದು ನಾನು ಆವರೆಗೆ ತಿಳಿದಿದ್ದೆ; ನಾನೊಬ್ಬನೇ ಅಲ್ಲ, ಹೊರಗೆ ನಿಂತು ನೋಡುವವರೆಲ್ಲ ಹಾಗೆಯೇ ತಿಳಿದಿರುತ್ತಾರೆ. ಅವಳಿಗೆ ಬೇಕಾಗಿದ್ದುದು ಹಗುರವಲ್ಲ, ನೆಚ್ಚಿಕೆ. ಇವತ್ತಿನ ಮೊದಲ ಹೊಡೆತದಲ್ಲಿಯೂ ನಾಳಿನ ಅರವತ್ತನೆಯ ಹೊಡೆತದಲ್ಲಿಯೂ ಬೆರಳಿಗೆ ಅದೇ ಜಾಗ, ಅದೇ ತಂಗುದಾಣ, ಅದೇ ಭಾರ ದೊರೆಯಬೇಕು. ಆಗ ಮನಸ್ಸು ಬೆರಳನ್ನು ಮರೆತು ಗುರಿಯತ್ತ ಹೋಗುತ್ತದೆ.

ಬೆಲೆ ಕೇಳಿ ಭಾವ ಹುಬ್ಬೇರಿಸಿದರು. ಸಾಗಣೆ, ಸುಂಕಗಳೆಲ್ಲ ಸೇರಿ ಆರು ಸಾವಿರ ರೂಪಾಯಿ. ಅದು 2024ರ ಆರಂಭ. ಆ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿದ್ದಿತು. ತಿಪಟೂರಿನ ಮಾರುಕಟ್ಟೆ ಆ ಬೆಲೆಯನ್ನು ತಲುಪದೆ ರೈತರು ಕಂಗೆಟ್ಟಿದ್ದ ಕಾಲ. ‘ಹಾಗಾದರೆ ಬೆಂಬಲ ಬೆಲೆಯಲ್ಲಿ ಲೆಕ್ಕ ಹಾಕಿದರೂ ಅರ್ಧ ಕ್ವಿಂಟಲು ಕೊಬ್ಬರಿ! ನನ್ನ ಹೆಬ್ಬೆರಳುಗುರಿನಷ್ಟು ತಗಡಿಗೆ!’ ಎಂದು ಭಾವ ನನ್ನ ಮುಖ ನೋಡಿದರು. ವರ್ಷಗಟ್ಟಲೆ ನೀರು ಹಾಯಿಸಿ, ನುಸಿರೋಗಕ್ಕೆ ಹೆದರಿ, ಅಟ್ಟದಲ್ಲಿ ಇಲಿ ಕಾದು ಗಳಿಸಿದ ಅರ್ಧ ಕ್ವಿಂಟಲು ಅದು. ಅವರ ಮಾತನ್ನು ಜಿಪುಣತನವೆಂದು ಯಾರೂ ಎಣಿಸಬಾರದು. ಆದರೂ ಮೂರನೆಯ ದಿನ ಹಣ ಕೊಟ್ಟರು. ‘ಕೊನೆಯ ಸಲ’ ಎಂದು ಮಾತ್ರ ಹೇಳಿದರು.

ತುಂಡು ಬಂದಿತು. ಬೆಂಕಿಪೊಟ್ಟಣದಷ್ಟು ಡಬ್ಬಿ, ಒಳಗೆ ಕಪ್ಪು ಬಣ್ಣದ ಅಲ್ಯುಮಿನಿಯಂ ತುಂಡೊಂದು, ಎರಡು ಪುಟ್ಟ ತಿರುಪುಗಳು, ಒಂದು ಅಲೆನ್ ಕೀಲಿ. ಹುಡುಗಿಯ ಕ್ರಮ ನೋಡುವಂತಿತ್ತು. ಮೊದಲು ಪಿಸ್ತೂಲನ್ನು ಗೋಡೆಯತ್ತ ತಿರುಗಿಸಿ, ಬಾಯಿ ತೆರೆದು, ಒಳಗೆ ಗುಂಡಿಲ್ಲವೆಂದು ತಾನು ನೋಡಿ ನನಗೂ ತೋರಿಸಿದಳು. ಗಾಳಿಯ ಸಿಲಿಂಡರನ್ನು ಕಳಚಿ ಬೇರೆಯಿಟ್ಟಳು. ಹಳೆಯ ತುಂಡು ಎಲ್ಲಿತ್ತೆಂಬುದನ್ನು ಅಳತೆಪಟ್ಟಿಯಿಂದ ಅಳೆದು ನೋಟುಬುಕ್ಕಿನಲ್ಲಿ ಗುರುತಿಸಿಕೊಂಡಳು. ಹಳೆಯ ತಿರುಪು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬಲ ಹಾಕಿದರೆ ಅದರ ತಲೆ ಸವೆದುಹೋಗುವ ಭಯ. ತಿಪಟೂರಿನ ಗಡಿಯಾರ ರಿಪೇರಿಯವರೊಬ್ಬರಲ್ಲಿ ಕೊಂಡೊಯ್ದೆವು. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಒಂದು ಹನಿ ಎಣ್ಣೆ ಬಿಟ್ಟು, ನಮಗೆ ಕಾಫಿ ತರಿಸಿದರು. ಕಾಫಿ ಮುಗಿಯುವ ಹೊತ್ತಿಗೆ ಎಣ್ಣೆ ಇಳಿದಿತ್ತು, ತಿರುಪು ಬಿಟ್ಟುಕೊಂಡಿತು. ಕಾಸು ಕೇಳಲಿಲ್ಲ. ‘ಮಗು ಗೆದ್ದರೆ ಹೇಳಿ’ ಎಂದರು.

ಮನೆಗೆ ಬಂದು ಹೊಸ ತುಂಡನ್ನು ಕೂರಿಸಿದ್ದಾಯಿತು. ಹುಡುಗಿ ಕೈ ಚಾಚಿ ಹಿಡಿದಳು. ಬೆರಳಿನ ಮೆತ್ತೆ ಹಲಗೆಯ ಮೇಲೆ ಕುಳಿತ ಮಗುವಿನಂತೆ ನೆಟ್ಟಗೆ ಕುಳಿತಿತು. ಅವಳ ಮುಖ ಅರಳಿತು. ಇನ್ನು ತೂಕದ ಪರೀಕ್ಷೆ. ಪಂದ್ಯದಲ್ಲಿ ಪಿಸ್ತೂಲಿನ ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಟ್ರಿಗರಿನ ನಡುವಿಗೆ 500 ಗ್ರಾಮಿನ ಬಟ್ಟನ್ನು ತೂಗಹಾಕಿ, ಮೇಜಿನ ಮೇಲಿಂದ ಅದನ್ನು ಎತ್ತಬೇಕು. ಟ್ರಿಗರು ಬಿಟ್ಟುಕೊಳ್ಳದೆ ಭಾರವನ್ನು ಎತ್ತಿದರೆ ಸರಿ. ನಮ್ಮ ಮನೆಯಲ್ಲಿ ತಕ್ಕಡಿಗೇನು ಬರ? ಮುದ್ರೆಯೊತ್ತಿದ ಅರ್ಧ ಕಿಲೋ ತೂಕದ ಬಟ್ಟಿಗೆ ದಾರ ಕಟ್ಟಿ, ತಂತಿಯ ಕೊಕ್ಕೆ ಮಾಡಿ, ನೇತುಹಾಕಿದೆವು. ಎತ್ತಿದ ಕೂಡಲೇ ‘ಟಕ್’ ಎಂದಿತು. ಮತ್ತೆ ಎತ್ತಿದರೆ ಮತ್ತೆ ‘ಟಕ್’. ಸ್ಪ್ರಿಂಗನ್ನು ಯಾರೂ ಮುಟ್ಟಿಲ್ಲ, ಕೊಕ್ಕೆಯನ್ನು ಯಾರೂ ಉಜ್ಜಿಲ್ಲ. ನಿನ್ನೆಯವರೆಗೆ ಅರ್ಧ ಕಿಲೋ ಎತ್ತುತ್ತಿದ್ದ ಟ್ರಿಗರು ಇಂದು ಎತ್ತಲೊಲ್ಲದು! ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ನಾನು ಕೈಪಿಡಿಯ ಪುಟಗಳನ್ನು ಮಗುಚತೊಡಗಿದೆ.

ಅಷ್ಟು ಹೊತ್ತೂ ಬಾಗಿಲ ಬಳಿ ಸುಮ್ಮನೆ ನಿಂತಿದ್ದ ಭಾವ ಹತ್ತಿರ ಬಂದರು. ಹಳೆಯ ತುಂಡನ್ನೂ ಹೊಸದನ್ನೂ ನೋಡಿದರು. ‘ಇದು ಅದಕ್ಕಿಂತ ಕೆಳಕ್ಕೆ ಇಳಿದಿದೆ ಅಲ್ಲವೇ?’ ಎಂದರು. ಹೌದು, ಒಂದು ಗೋಧಿಕಾಳಿನಷ್ಟು. ‘ಮತ್ತಿನ್ನೇನು ಮೇಷ್ಟ್ರೇ? ಹಾರೆಯನ್ನು ನಡುವೆ ಹಿಡಿದು ಬಂಡೆ ಮೀಟಿದರೆ ಬೆವರು ಕಿತ್ತುಬರುತ್ತದೆ, ತುದಿ ಹಿಡಿದರೆ ಬಂಡೆ ಹಗುರ. ಅಚ್ಚಿನಿಂದ ದೂರ ಹೋದಷ್ಟೂ ಹಗುರ. ಬಂಡೆ ಅದೇ, ಹಿಡಿದ ಜಾಗ ಬೇರೆ.’ ಎಂ.ಎ. ಓದಿದ ನಾನೂ ಪದವಿ ಓದುತ್ತಿದ್ದ ಅವರ ಮಗಳೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ತೋಟದ ಬಾವಿಗೆ ಕಲ್ಲು ಕಿತ್ತ ಕೈಗಳು ಹೇಳಿದ ಆ ಮಾತು ಕೈಪಿಡಿಯ ಯಾವ ಚಿತ್ರದಲ್ಲಿಯೂ ಇರಲಿಲ್ಲ.

ಉಪಾಯ ಸುಲಭವಾಯಿತು. ತೂಕದ ತಿರುಪನ್ನು ಕಾಲು ಕಾಲು ಸುತ್ತಿನಂತೆ ಬಿಗಿಸುತ್ತ, ಪ್ರತಿ ಸಲವೂ ಬಟ್ಟನ್ನು ಎತ್ತಿ ನೋಡಿದೆವು. ಎತ್ತುವವರು ಭಾವ, ಎಣಿಸುವವಳು ಮಗಳು, ಬರೆಯುವವನು ನಾನು. ನಿಂತಿತು. ಆದರೆ ಭಾವನಿಗೆ ತೃಪ್ತಿಯಿಲ್ಲ. ‘ಅಲ್ಲಿಯವರ ಬಟ್ಟು ನಮ್ಮದಕ್ಕಿಂತ ಕೂದಲೆಳೆ ಭಾರವಿದ್ದರೆ?’ ಎಂದು ಬಟ್ಟಿನ ಮೇಲೆ ಎರಡು ನಾಣ್ಯಗಳನ್ನು ಅಂಟಿಸಿ ಎತ್ತಿಸಿದರು. ಅದನ್ನೂ ಎತ್ತಿತು. ಕೊಬ್ಬರಿ ಮಂಡಿಯ ತಕ್ಕಡಿಯ ಮುಂದೆ ಆಯುಷ್ಯ ಕಳೆದವರಿಗೆ ತೂಕದಲ್ಲಿ ಒಂದಿಷ್ಟು ಹೆಚ್ಚಳ ಬಿಡಬೇಕೆಂದು ಯಾರು ಹೇಳಿಕೊಡಬೇಕು?

ಮುಂದೆ ಎರಡು ತಿಂಗಳು ಅವಳು ಬೇರೇನನ್ನೂ ಬದಲಿಸಲಿಲ್ಲ. ಕೊಬ್ಬರಿ ಅಟ್ಟದ ಕೆಳಗಿನ ಉದ್ದ ಪಡಸಾಲೆಯಲ್ಲಿ, ಗುಂಡಿಲ್ಲದ ಪಿಸ್ತೂಲು ಹಿಡಿದು, ಬಿಳಿಯ ಗೋಡೆಯತ್ತ ಮುಖ ಮಾಡಿ, ದಿನವೂ ನೂರು ಸಲ ಎಳೆಯುವಳು. ಹೊಸ ಭಾಗ ಕೂರಿಸಿ ಮರುವಾರವೇ ಪಂದ್ಯಕ್ಕೆ ಹೋಗಬಾರದೆಂಬುದು ಆಟಗಾರರಲ್ಲಿ ಹಳೆಯ ಮಾತು. ಯಂತ್ರದ ಒಂದು ಅಂಗ ಕೈಕೊಟ್ಟರೆ ಎಂಥವರಿಗೂ ಏನಾಗುತ್ತದೆಂಬುದನ್ನು ದೇಶವೇ ನೋಡಿತ್ತು. 2021ರ ಜುಲೈ 25ರಂದು ಟೋಕಿಯೊ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಹೊಡೆಯುತ್ತಿದ್ದ ನಡುವೆ ಪಿಸ್ತೂಲಿನ ಲಿವರ್ ಮುರಿಯಿತು. ಸರಿಪಡಿಸಿಕೊಂಡು ಬರುವಷ್ಟರಲ್ಲಿ ಅಮೂಲ್ಯವಾದ ನಿಮಿಷಗಳು ಕಳೆದುಹೋಗಿದ್ದುವು. 575 ಅಂಕ ಗಳಿಸಿಯೂ ಹನ್ನೆರಡನೆಯವಳಾಗಿ ಎಂಟು ಮಂದಿಯ ಅಂತಿಮ ಸುತ್ತಿನಿಂದ ಹೊರಗುಳಿದಳು. ಅದೇ ಮನು 2024ರ ಜುಲೈನಲ್ಲಿ ಪ್ಯಾರಿಸಿನಲ್ಲಿ ಎರಡು ಕಂಚು ಗೆದ್ದಳು, ಒಂದು ತಾನೊಬ್ಬಳೇ, ಇನ್ನೊಂದು ಸರಬ್ಜೋತ್ ಸಿಂಗನ ಜೊತೆಗೆ. ಆ ದಿನ ನಮ್ಮ ಅಕ್ಕನ ಮನೆಯ ಟಿ.ವಿ.ಯ ಮುಂದೆ ಅಜ್ಜಿಯೂ ಕುಳಿತಿದ್ದರು. ‘ಆ ಹುಡುಗಿಯ ಟ್ರಿಗರನ್ನೂ ತೂಗಿದರೇನೋ?’ ಎಂದು ಅವರು ಕೇಳಿದಾಗ ಮನೆಯೆಲ್ಲ ನಕ್ಕಿತು. ಪ್ರಶ್ನೆ ಮಾತ್ರ ಸರಿಯಾದದ್ದೇ.

ಆ ಮಳೆಗಾಲದ ಸ್ಪರ್ಧೆಗೆ ನಾನೂ ಜೊತೆಗೆ ಹೋಗಿದ್ದೆ. ಅರವತ್ತು ಹೊಡೆತ ಮುಗಿದ ಮೇಲೆಯೂ ಚೀಟಿ ಎತ್ತಿ ಕೆಲವರ ಟ್ರಿಗರನ್ನು ಮತ್ತೆ ತೂಗುವ ಕ್ರಮವುಂಟು. ಮೂರು ಸಲದೊಳಗೆ ಭಾರವನ್ನು ಎತ್ತದಿದ್ದರೆ ಅಲ್ಲಿಯವರೆಗಿನ ಅಂಕಗಳೆಲ್ಲ ನೀರಿನಲ್ಲಿ ಹೋಮ. ಚೀಟಿಯಲ್ಲಿ ನಮ್ಮವಳ ಸಂಖ್ಯೆಯೇ ಬರಬೇಕೇ! ಅಧಿಕಾರಿ ಬಟ್ಟನ್ನು ತೂಗಹಾಕಿದರು. ಅವಳು ನಳಿಗೆಯನ್ನು ನೆಟ್ಟಗೆ ಹಿಡಿದು ಮೆಲ್ಲನೆ ಎತ್ತಿದಳು. ಮೊದಲ ಸಲಕ್ಕೇ ಬಟ್ಟು ಮೇಜನ್ನು ಬಿಟ್ಟು ಗಾಳಿಯಲ್ಲಿ ನಿಂತಿತು.

ಪದಕವೇನೂ ಬರಲಿಲ್ಲ. ಹಿಂದಿನ ಸಲಕ್ಕಿಂತ ಹದಿನಾಲ್ಕು ಅಂಕ ಹೆಚ್ಚು ಬಂದಿತು. ಗುಂಡುಗಳ ಮಂದೆ ಎಡವನ್ನು ಬಿಟ್ಟು ನಡುವಿಗೆ ಬಂದಿತ್ತು. ಹೊರಗೆ ಬಂದ ಕೂಡಲೇ ಊರಿಗೆ ಫೋನು ಮಾಡಿದಳು. ಅಂಕವೆಷ್ಟು, ಎಷ್ಟನೆಯ ಸ್ಥಾನ ಎಂದು ಅಕ್ಕ ಕೇಳುತ್ತಿರುವಾಗಲೇ ಭಾವ ಫೋನು ಕಿತ್ತುಕೊಂಡು, ‘ತೂಕ ನಿಂತಿತೇನಮ್ಮಾ?’ ಎಂದರು. ನಿಂತಿತು ಎಂದಳು.

‘ಕೊನೆಯ ಸಲ’ ಎಂಬ ಮಾತನ್ನು ಆಮೇಲೆ ಯಾರೂ ಎತ್ತಿಲ್ಲ. ಆ ಅರ್ಧ ಕಿಲೋ ಬಟ್ಟು ಈಗ ತಕ್ಕಡಿಯ ಜೊತೆಯಲ್ಲಿಲ್ಲ. ದಾರ, ತಂತಿಯ ಕೊಕ್ಕೆ, ಅಂಟಿಸಿದ ಎರಡು ನಾಣ್ಯಗಳ ಸಮೇತ ಭಾವನ ಬೀರುವಿನಲ್ಲಿದೆ. ಹೋದ ತಿಂಗಳು ಪಕ್ಕದ ಮನೆಯವರು ಬೆಲ್ಲ ತೂಗಲೆಂದು ಅದನ್ನು ಕೇಳಿ ಬಂದಾಗ, ‘ಅದು ಮಗಳದು, ಕೊಡುವಂತಿಲ್ಲ’ ಎಂದು ಹೇಳಿ ಕಳುಹಿಸಿದರಂತೆ.